ಹಳೆಯ ಪಿಎ ಸ್ಪೀಕರ್‌ನಲ್ಲಿ ಕ್ರಾಸ್‌ಓವರ್, ಜಾಕ್ ಕೆಟ್ಟರೆ: ರಿಪೇರಿಯೋ, ಹೊಸ ಬೋರ್ಡೋ, ಬೈ-ಆಂಪೋ?

ಬಳಸಿದ ಪಿಎ (ಸಭೆ ಸಮಾರಂಭಗಳಿಗೆ ಬಳಸುವ) ಸ್ಪೀಕರ್ ಕೊಂಡವರನ್ನು ಹೆಚ್ಚಾಗಿ ಕಾಡುವ ದೋಷಗಳು ಎರಡು. ಒಂದು, ಜೋಡಿಯಲ್ಲಿ ಒಂದರ ಹಾರ್ನ್ (ಮೇಲಿನ ಸ್ವರಗಳನ್ನು ಹೊರಡಿಸುವ ಭಾಗ) ಸದ್ದೇ ಮಾಡುವುದಿಲ್ಲ. ಇನ್ನೊಂದು, ಪ್ಲಗ್ ಅಲುಗಿಸಿದಾಗ ಬರುವ ಸದ್ದು ಕೈ ಬಿಟ್ಟೊಡನೆ ಹೋಗುತ್ತದೆ. ಎರಡರಲ್ಲೂ ವೂಫರ್ (ಕೆಳ ಸ್ವರಗಳ ಸ್ಪೀಕರ್), ಕಂಪ್ರೆಷನ್ ಡ್ರೈವರ್ (ಹಾರ್ನ್ ಹಿಂದೆ ಕೂತು ಸದ್ದು ಹುಟ್ಟಿಸುವ ಭಾಗ) ಚೆನ್ನಾಗಿಯೇ ಇದ್ದು, ಅವುಗಳಿಗೆ ಸಿಗ್ನಲ್ ಮುಟ್ಟಿಸುವ ಹಾದಿ, ಅಂದರೆ ಜಾಕ್ ಅಥವಾ ಸಿಗ್ನಲನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್ ಬೋರ್ಡ್, ಮಾತ್ರ ಕೆಟ್ಟಿರುವುದು ಸಾಮಾನ್ಯ. ಸಮಸ್ಯೆ ಇಷ್ಟೇ ಆದರೂ ಮುಂದಿರುವ ದಾರಿಗಳು ಹಲವು: ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು, ಕಂಪನಿಯ ಮೂಲ ಬೋರ್ಡ್ ತರಿಸಬಹುದು, ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕ್ರಾಸ್‌ಓವರ್ ಕೂರಿಸಬಹುದು, ಮೂಲದ ನಕಲನ್ನು ಕೈಯಾರೆ ಕಟ್ಟಬಹುದು, ಅಥವಾ ಒಳಗಿನ ಕ್ರಾಸ್‌ಓವರನ್ನೇ ಬಿಟ್ಟು ಎರಡು ಆಂಪ್ಲಿಫೈಯರ್ ಚಾನೆಲ್‌ಗಳಿಂದ ನಡೆಸಬಹುದು (ಇದೇ ಬೈ-ಆಂಪ್). ಜಾಕ್ ವಿಷಯದಲ್ಲೂ ಹೀಗೆಯೇ ಮೂರು ನಾಲ್ಕು ಆಯ್ಕೆಗಳಿವೆ.

ಇಲ್ಲಿ ಹೇಳುವುದೆಲ್ಲ ಪ್ಯಾಸಿವ್ ಸ್ಪೀಕರ್‌ಗಳ ಬಗ್ಗೆ. ಒಳಗೇ ಆಂಪ್ಲಿಫೈಯರ್ ಇರುವ ಪವರ್ಡ್ ಪೆಟ್ಟಿಗೆಗಳಲ್ಲಿ ಜಾಕ್ ನೇರವಾಗಿ ಸರ್ಕ್ಯೂಟ್ ಬೋರ್ಡ್‌ಗೆ ಬೆಸುಗೆಯಾಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಅಲ್ಲಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಅದನ್ನು ಪವರ್ ಸಪ್ಲೈ ಕೆಲಸ ಬಲ್ಲವರಿಗೇ ಬಿಡಿ.

ತೂಗುವ ಮೊದಲು

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಕಂಪ್ರೆಷನ್ ಡ್ರೈವರ್‌ನ ಸುರಕ್ಷೆ. ಕ್ರಾಸ್‌ಓವರ್ ಬರೀ ಸದ್ದನ್ನು ಹಂಚುವುದಿಲ್ಲ, ಡ್ರೈವರ್ ಒಳಗೆ ಕಂಪಿಸುವ ತೆಳು ಹಾಳೆಯಾದ ಡಯಾಫ್ರಮ್ಮನ್ನು ಕೆಳ ಆವರ್ತನಗಳಿಂದ ಕಾಯುವುದೂ ಅದೇ. ಆವರ್ತನ ಇಳಿದಂತೆಲ್ಲ ಡಯಾಫ್ರಮ್‌ನ ಓಡಾಟ ಹೆಚ್ಚುತ್ತದೆ. ಮಿತಿ ಮೀರಿದರೆ ಅದು ಎದುರಿನ ಫೇಸ್ ಪ್ಲಗ್ ಎಂಬ ಗಟ್ಟಿ ತುಂಡಿಗೆ ಬಡಿದು ಒಡೆಯುತ್ತದೆ. ಅಗ್ಗವೆಂದು ಆರಿಸಿದ ದಾರಿಯಲ್ಲಿ ಒಂದು ಡಯಾಫ್ರಮ್ ಹೋದರೆ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು.

ಎರಡನೆಯದು ಜೋಡಿಯ ಹೊಂದಿಕೆ. ಎಡ ಬಲ ಪೆಟ್ಟಿಗೆಗಳ ದನಿ ಒಂದೇ ತರ ಇರಬೇಕು. ಒಂದಕ್ಕೆ ಹೊಸ ಬೋರ್ಡ್, ಇನ್ನೊಂದಕ್ಕೆ ಹಳೆಯದು ಎಂದಾದರೆ ಎಷ್ಟು ಈಕ್ವಲೈಸರ್ ತಿರುಗಿಸಿದರೂ ಸರಿಹೋಗುವುದಿಲ್ಲ. ಮೂರನೆಯದು ಮಾಹಿತಿ: ಬೋರ್ಡ್ ಮೇಲಿನ ಮೌಲ್ಯಗಳು ಓದಲು ಬರುತ್ತವೆಯೇ, ಸರ್ಕ್ಯೂಟ್ ಚಿತ್ರ ಸಿಗುತ್ತದೆಯೇ, ಜೋಡಿಯ ಇನ್ನೊಂದು ಪೆಟ್ಟಿಗೆ ಸರಿಯಾಗಿದೆಯೇ? ಸರಿಯಾಗಿರುವ ಜೊತೆ ಪೆಟ್ಟಿಗೆ ಇದ್ದರೆ ಅದಕ್ಕಿಂತ ಒಳ್ಳೆಯ ಮ್ಯಾನ್ಯುಯಲ್ ಇಲ್ಲ.

ಉಳಿದವು ನಿಮಗೆ ಸೇರಿದ್ದು. ಕೈಯಲ್ಲಿರುವುದು ಮಲ್ಟಿಮೀಟರ್ ಮಾತ್ರವೇ, ಕೆಪಾಸಿಟನ್ಸ್ ಅಳೆಯುವ ಮೀಟರ್, 60 ವ್ಯಾಟ್‌ಗಿಂತ ಮೇಲಿನ ಸೋಲ್ಡರಿಂಗ್ ಐರನ್ ಇವೆಯೇ? ಪೆಟ್ಟಿಗೆ ಒಂದು ಸಭಾಂಗಣದಲ್ಲಿ ಕದಲದೆ ಕೂರುತ್ತದೆಯೇ, ವಾರಕ್ಕೆರಡು ಸಲ ವ್ಯಾನ್ ಹತ್ತುತ್ತದೆಯೇ? ಮುಂದೆ ಮಾರುವ ಯೋಚನೆ ಇದೆಯೇ? ಈ ಉತ್ತರಗಳು ಬದಲಾದರೆ ಆಯ್ಕೆಯೂ ಬದಲಾಗುತ್ತದೆ.

ದೋಷ ಎಲ್ಲಿದೆ ಎಂದು ಗೊತ್ತಾಗದೆ ಆಯ್ಕೆಯೇ ಇಲ್ಲ

ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಆಂಪ್ಲಿಫೈಯರ್ ಚಾನೆಲ್ ಬದಲಿಸಿ. ದೋಷ ಪೆಟ್ಟಿಗೆಯ ಜೊತೆಗೇ ಉಳಿದರೆ ಮುಂದುವರಿಯಿರಿ.

ಇನ್‌ಪುಟ್ ಜಾಕ್‌ನಲ್ಲಿ ಮಲ್ಟಿಮೀಟರ್ ಇಟ್ಟು ಓಮ್ ಅಳೆಯಿರಿ. 8 ಓಮ್ ಪೆಟ್ಟಿಗೆ ಸಾಮಾನ್ಯವಾಗಿ 5.5ರಿಂದ 7 ಓಮ್ ತೋರಿಸುತ್ತದೆ. ಅದು ವೂಫರ್ ಕಾಯಿಲ್ ಮತ್ತು ಸರಣಿಯಲ್ಲಿರುವ ಇಂಡಕ್ಟರ್‌ (ಬೋರ್ಡ್ ಮೇಲಿನ ತಂತಿ ಸುರುಳಿ)ನ ಒಟ್ಟು. ಏನೂ ತೋರಿಸದಿದ್ದರೆ ವೂಫರ್ ಹಾದಿ ಎಲ್ಲೋ ಕಡಿದಿದೆ. 1 ಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ಶಾರ್ಟ್ ಇದೆ, ಆಂಪ್ಲಿಫೈಯರ್ ಹಚ್ಚಲೇಬೇಡಿ. ಹಾರ್ನ್ ಬಗ್ಗೆ ಈ ಅಳತೆ ಏನೂ ಹೇಳುವುದಿಲ್ಲ, ಏಕೆಂದರೆ ಅದರ ಸರಣಿಯಲ್ಲಿರುವ ಕೆಪಾಸಿಟರ್ ಮೀಟರ್‌ನ ಡಿಸಿ ಕರೆಂಟನ್ನು ಬಿಡುವುದಿಲ್ಲ.

ಕಂಪ್ರೆಷನ್ ಡ್ರೈವರನ್ನು ತಂತಿ ಕಿತ್ತೇ ಅಳೆಯಬೇಕು. ತಂತಿ ಹಾಗೇ ಇದ್ದರೆ ಬೋರ್ಡ್ ಮೇಲೆ ಅದಕ್ಕೆ ಸಮಾಂತರವಾಗಿರುವ ಇಂಡಕ್ಟರ್‌ನ 0.3, 0.5 ಓಮ್ ಕಾಣಿಸುತ್ತದೆ. ಡ್ರೈವರ್ ಶಾರ್ಟ್ ಆಗಿದೆ ಎಂದು ತಪ್ಪು ತಿಳಿದು ಒಳ್ಳೆಯ ಡಯಾಫ್ರಮ್ಮನ್ನು ಎಸೆಯುವುದು ಇಲ್ಲಿಯೇ. ಕಿತ್ತು ಅಳೆದಾಗ 8 ಓಮ್ ಡ್ರೈವರ್ 5.5ರಿಂದ 6.5, 16 ಓಮ್‌ನದು 10ರಿಂದ 12 ತೋರಿಸುತ್ತದೆ. ಮೀಟರ್ ಮುಟ್ಟಿಸುವಾಗ ಸಣ್ಣ ಕರಕರ ಕೇಳಿಸುತ್ತದೆ. ಇದಕ್ಕೆ 9 ವೋಲ್ಟ್ ಬ್ಯಾಟರಿ ಮುಟ್ಟಿಸಬೇಡಿ.

ಎರಡೂ ಡ್ರೈವರ್ ಸರಿಯಿದ್ದು ಜೊತೆ ಪೆಟ್ಟಿಗೆಯೂ ಇದ್ದರೆ, ಎರಡರ ಕ್ರಾಸ್‌ಓವರ್‌ಗಳನ್ನು ಅದಲು ಬದಲು ಮಾಡಿ. ದೋಷ ಬೋರ್ಡ್ ಜೊತೆ ಹೋಯಿತೆಂದರೆ ಸಂಶಯ ಮುಗಿಯಿತು. ತಂತಿ ಕೀಳುವ ಮೊದಲು ಫೋಟೊ ತೆಗೆದು, ಪ್ರತಿ ತಂತಿಗೂ ಚೀಟಿ ಅಂಟಿಸಿ. ಹಲವು ವಿನ್ಯಾಸಗಳಲ್ಲಿ ಹಾರ್ನ್‌ನ ಪ್ಲಸ್ ಮೈನಸ್ ಬೇಕೆಂದೇ ತಿರುಗಿಸಿರುತ್ತಾರೆ. ಅದನ್ನು "ಸರಿಪಡಿಸಿದರೆ" ಕ್ರಾಸ್‌ಓವರ್ ಆವರ್ತನದ ಸುತ್ತ ಧ್ವನಿಯಲ್ಲಿ ಹಳ್ಳ ಬೀಳುತ್ತದೆ. ಹಳೆಯ ಜೆಬಿಎಲ್ ವೂಫರ್‌ಗಳಲ್ಲಂತೂ ಕೆಂಪು ಟರ್ಮಿನಲ್‌ಗೆ ಪ್ಲಸ್ ಕೊಟ್ಟರೆ ಕೋನ್ ಒಳಕ್ಕೆ ಹೋಗುತ್ತದೆ. ಬಣ್ಣ ನಂಬದೆ ಫೋಟೊ ನಂಬಿ.

ಲಕ್ಷಣಗಳೂ ಸುಳಿವು ಕೊಡುತ್ತವೆ. ಜೋರಾಗಿ ನಡೆಯುವಾಗ ಹಾರ್ನ್ ಸತ್ತು, ಸದ್ದು ಇಳಿಸಿದ ಕೆಲ ನಿಮಿಷಕ್ಕೆ ತಾನಾಗಿ ಮರಳಿದರೆ ಅದು ಪಾಲಿಸ್ವಿಚ್. ಬಿಸಿಯಾದಾಗ ತನ್ನ ಪ್ರತಿರೋಧ ಹೆಚ್ಚಿಸಿಕೊಂಡು ಡ್ರೈವರನ್ನು ಕಾಯುವ ಸಣ್ಣ ಚಪ್ಪಟೆ ಭಾಗ ಅದು. ತನ್ನ ಕೆಲಸ ತಾನು ಮಾಡುತ್ತಿರಬಹುದು, ಅಥವಾ ಹಳತಾಗಿ ಬೇಗ ಸೋಲುತ್ತಿರಬಹುದು. ಹಾರ್ನ್ ಶಾಶ್ವತವಾಗಿ ಸತ್ತಿದ್ದರೆ ರಕ್ಷಣೆಯ ಬಲ್ಬ್ ಸುಟ್ಟಿದೆಯೇ, ಸಿಮೆಂಟ್ ರೆಸಿಸ್ಟರ್ ಬಿರಿದಿದೆಯೇ ನೋಡಿ. ಪೆಟ್ಟಿಗೆಗೆ ಕೈಯಿಂದ ಬಡಿದಾಗ ಸದ್ದು ಬಂದು ಹೋಗುತ್ತಿದ್ದರೆ ಬಿರಿದ ಬೆಸುಗೆ, ಸಡಿಲ ಕ್ರಿಂಪ್ (ತಂತಿಗೆ ಒತ್ತಿ ಕೂರಿಸಿದ ತುದಿ) ಅಥವಾ ಜಾಕ್. ಫುಲ್‌ರೇಂಜ್, ಬೈ-ಆಂಪ್ ಆಯ್ಕೆಯ ಸ್ವಿಚ್ ಇರುವ ಪೆಟ್ಟಿಗೆಯಲ್ಲಿ ಮೊದಲು ಆ ಸ್ವಿಚ್ಚನ್ನೇ ಇಪ್ಪತ್ತು ಸಲ ಆ ಕಡೆ ಈ ಕಡೆ ಮಾಡಿ ನೋಡಿ. ವರ್ಷಗಟ್ಟಲೆ ಒಂದೇ ಕಡೆ ನಿಂತ ಅದರ ಸಂಪರ್ಕಗಳು ಕಪ್ಪಾಗಿರುತ್ತವೆ.

ಕ್ರಾಸ್‌ಓವರ್: ಮೂಲ ಬೋರ್ಡನ್ನೇ ಭಾಗ ಬದಲಿಸಿ ಉಳಿಸುವುದು

ಮೌಲ್ಯಗಳು ಓದಲು ಬಂದರೆ ಇದೇ ಮೊದಲ ಆಯ್ಕೆಯಾಗಬೇಕು. ಖರ್ಚು ಬಹಳ ಕಡಿಮೆ, ಜೋಡಿಯ ಹೊಂದಿಕೆ ಉಳಿಯುತ್ತದೆ, ತಯಾರಕರು ಆ ಹಾರ್ನ್‌ಗೆಂದೇ ಮಾಡಿದ ಈಕ್ವಲೈಸೇಶನ್ ಕೂಡ ಉಳಿಯುತ್ತದೆ. ಬೇಕಾದ್ದು ತಾಳ್ಮೆ ಮತ್ತು ಒಳ್ಳೆಯ ಐರನ್. ಆದರೆ ಯಾವ ಭಾಗದ ಜಾಗಕ್ಕೆ ಏನು ಹಾಕುತ್ತೀರಿ ಎಂಬುದರಲ್ಲಿ ಎಚ್ಚರ ಬೇಕು.

ಬೆಸುಗೆಯಿಂದ ಶುರುಮಾಡಿ. ಭಾರದ ಇಂಡಕ್ಟರ್‌ಗಳು ಅಲುಗಾಟಕ್ಕೆ ತಮ್ಮ ಕಾಲುಗಳನ್ನೇ ತುಂಡರಿಸಿಕೊಳ್ಳುತ್ತವೆ; ಬೆಸುಗೆಯ ಸುತ್ತ ಕೂದಲೆಳೆಯಂಥ ಉಂಗುರ ಕಾಣಿಸುತ್ತದೆ. ಹಳೆಯ ಸೀಸವನ್ನು ಪೂರ್ತಿ ಹೀರಿ ತೆಗೆದು, ಫ್ಲಕ್ಸ್ ಹಚ್ಚಿ, 360–380 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಗಲ ತುದಿಯ ಐರನ್‌ನಿಂದ 60/40 ಅಥವಾ 63/37 (ತವರ/ಸೀಸ) ಬೆಸುಗೆ ಹಾಕಿ. ಹಳೆಯದರ ಮೇಲೆಯೇ ಹೊಸದನ್ನು ಸವರಿದರೆ ಮತ್ತೆ ಬಿರಿಯುತ್ತದೆ. ತಾಮ್ರದ ಪಟ್ಟಿ ಎದ್ದಿದ್ದರೆ 1.5 ಚದರ ಮಿಲಿಮೀಟರ್ ತಂತಿಯಿಂದ ಸೇತುವೆ ಕಟ್ಟಿ. ಕಾಯಿಲನ್ನು ಪ್ಲಾಸ್ಟಿಕ್ ಟೈ ಹಾಕಿ ಬಿಗಿದು, ಕೆಳಗೆ ನ್ಯೂಟ್ರಲ್ ಸಿಲಿಕೋನ್ ಹಾಕಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ತಾಮ್ರವನ್ನು ತಿನ್ನುತ್ತದೆ.

ರೆಸಿಸ್ಟರ್‌ಗಳ ಒಂದು ಕಾಲು ಎತ್ತಿ ಅಳೆಯಿರಿ. ಮೀಟರ್ ತಂತಿಯದೇ 0.2, 0.3 ಓಮ್ ಇರುತ್ತದೆ, ಅದನ್ನು ಕಳೆಯಿರಿ. ಓಮ್ ಅದೇ ಇರಲಿ, ವ್ಯಾಟ್ ಅಷ್ಟೇ ಅಥವಾ ಹೆಚ್ಚು. ಹೊಸದನ್ನು ಬೋರ್ಡ್‌ನಿಂದ 5–10 ಮಿಲಿಮೀಟರ್ ಮೇಲೆ ನಿಲ್ಲಿಸಿದರೆ ಗಾಳಿ ಆಡುತ್ತದೆ. ಕೆಳಗಿನ ಬೋರ್ಡ್ ಸುಟ್ಟು ಕಪ್ಪಾಗಿದ್ದರೆ ಆ ಕಪ್ಪನ್ನು ಪೂರ್ತಿ ಕೆರೆದು ತೆಗೆಯಿರಿ, ಏಕೆಂದರೆ ಇದ್ದಿಲಾದ ಬೋರ್ಡ್ ಕರೆಂಟ್ ಹರಿಸುತ್ತದೆ.

ಬಲ್ಬ್ ವಿಷಯದಲ್ಲಿ ಜನ ಅತಿ ಹೆಚ್ಚು ಎಡವುತ್ತಾರೆ. ಹಾರ್ನ್ ಸರಣಿಯಲ್ಲಿರುವ ಬಲ್ಬ್ ಸುಟ್ಟಾಗ ಅಲ್ಲೊಂದು ತಂತಿ ಜೋಡಿಸಿದರೆ ಸದ್ದೇನೋ ಬರುತ್ತದೆ. ಆದರೆ ರಕ್ಷಣೆ ಹೋಯಿತು, ಬಲ್ಬ್‌ನ ಪ್ರತಿರೋಧ ಇಲ್ಲದೆ ಹಾರ್ನ್ ಮಟ್ಟ ಸ್ವಲ್ಪ ಏರಿತು, ಮುಂದಿನ ಫೀಡ್‌ಬ್ಯಾಕ್ ಕಿರುಚಾಟಕ್ಕೆ ಡಯಾಫ್ರಮ್ ಬಲಿಯಾಗುತ್ತದೆ. ಬೇರೆ ವ್ಯಾಟ್‌ನ ಬಲ್ಬ್ ಹಾಕಿದರೂ ಎರಡು ಪೆಟ್ಟಿಗೆಗಳ ಹಾರ್ನ್ ಮಟ್ಟ ಬೇರೆಯಾಗುತ್ತದೆ. ಗಾಜು ಅಥವಾ ಲೋಹದ ಮೇಲೆ ಬರೆದ ವೋಲ್ಟ್, ವ್ಯಾಟ್ ನೋಡಿ ಅದೇ ತನ್ನಿ. ಹಲವು ಬಲ್ಬ್‌ಗಳು ವಾಹನದ ಒಳದೀಪದ ಮಾದರಿಯವೇ. ಪಾಲಿಸ್ವಿಚ್‌ಗೂ ಇದೇ ನಿಯಮ, ಹೋಲ್ಡ್ ಕರೆಂಟ್ (ಸೋಲದೆ ಹೊರುವ ಕರೆಂಟ್) ಮೂಲದಷ್ಟೇ ಇರಲಿ.

ಕೆಪಾಸಿಟರ್‌ಗಳಲ್ಲಿ ಫಿಲ್ಮ್ ಮಾದರಿಯವು ಸುಲಭಕ್ಕೆ ಕೆಡುವುದಿಲ್ಲ. ಸಂಶಯ ಪಡಬೇಕಾದ್ದು ನಾನ್-ಪೋಲಾರ್ (ಪ್ಲಸ್ ಮೈನಸ್ ಗುರುತಿಲ್ಲದ) ಎಲೆಕ್ಟ್ರೊಲಿಟಿಕ್. ಒಂದು ಕಾಲು ಎತ್ತಿ ಅಳೆದಾಗ ಬರೆದ ಮೌಲ್ಯಕ್ಕಿಂತ ಶೇ 20ರಷ್ಟು ಸರಿದಿದ್ದರೆ ಎರಡೂ ಪೆಟ್ಟಿಗೆಗಳಲ್ಲಿ ಬದಲಿಸಿ. ವೋಲ್ಟೇಜ್ ಮರೆಯಬೇಡಿ: 8 ಓಮ್‌ಗೆ 500 ವ್ಯಾಟ್ ಎಂದರೆ ಉತ್ತುಂಗದಲ್ಲಿ ಸುಮಾರು 89 ವೋಲ್ಟ್, 1000 ವ್ಯಾಟ್ ಎಂದರೆ ಸುಮಾರು 126. ದೊಡ್ಡ ಆಂಪ್ ಹಚ್ಚುವವರಿಗೆ 100 ವೋಲ್ಟ್ ಕೆಪಾಸಿಟರ್ ಸಾಲದು. 250 ವೋಲ್ಟ್‌ನ ಪಾಲಿಪ್ರೊಪಿಲೀನ್ ನೆಮ್ಮದಿ. ಎಲೆಕ್ಟ್ರೊಲಿಟಿಕ್ ಇದ್ದಲ್ಲಿ ಫಿಲ್ಮ್ ಹಾಕಿದರೆ ಅದರ ಒಳಪ್ರತಿರೋಧ ಕಡಿಮೆಯಾದ್ದರಿಂದ ದನಿ ತುಸು ಹರಿತವಾಗಬಹುದು. ಎರಡೂ ಕಡೆ ಒಂದೇ ರೀತಿ ಹಾಕಿದ್ದರೆ ಅದು ತೊಂದರೆಯೇ ಅಲ್ಲ. ಪ್ಲಸ್ ಮೈನಸ್ ಗುರುತಿರುವ ಮಾಮೂಲಿ ಎಲೆಕ್ಟ್ರೊಲಿಟಿಕನ್ನು ಮಾತ್ರ ಎಂದಿಗೂ ಹಾಕಬೇಡಿ.

ಇಂಡಕ್ಟರ್ ಸುಟ್ಟಿದ್ದರೆ ಮಿಲಿಹೆನ್ರಿ ಹೊಂದಿಸಿದರೆ ಸಾಲದು, ತಂತಿಯ ಪ್ರತಿರೋಧವನ್ನೂ ಹೊಂದಿಸಬೇಕು. ಮೂಲದಲ್ಲಿ ಕಬ್ಬಿಣದ ತಿರುಳಿನ 0.3 ಓಮ್ ಕಾಯಿಲ್ ಇದ್ದ ಜಾಗಕ್ಕೆ ತೆಳು ತಂತಿಯ 0.8 ಓಮ್ ಏರ್-ಕೋರ್ ಹಾಕಿದಿರಿ ಎನ್ನಿ. ವೂಫರ್ ಮಟ್ಟ ಸುಮಾರು ಅರ್ಧ ಡೆಸಿಬಲ್ ಇಳಿಯುತ್ತದೆ, ಅದು ದೊಡ್ಡದಲ್ಲ. ಆದರೆ 8 ಓಮ್‌ಗೆ 500 ವ್ಯಾಟ್ ಹರಿದಾಗ ಕರೆಂಟ್ ಸುಮಾರು 7.9 ಆಂಪಿಯರ್, ಕಾಯಿಲ್ ಒಂದರಲ್ಲೇ 50 ವ್ಯಾಟ್ ಶಾಖ. ಮೂಲದಲ್ಲಿ ಅದು 19 ವ್ಯಾಟ್ ಇತ್ತು. ಸಂಗೀತದ ಸರಾಸರಿ ಶಕ್ತಿ ಇದಕ್ಕಿಂತ ಕಡಿಮೆಯೇ, ಆದರೂ ಒತ್ತಿ ಓಡಿಸುವ ಪೆಟ್ಟಿಗೆಯಲ್ಲಿ ತಂತಿಯ ಲೇಪ ಕರಗಲು ಅಷ್ಟು ಸಾಕು.

ಕಂಪನಿಯ ಮೂಲ ಬೋರ್ಡ್

ಸಿಗುವುದಾದರೆ ಅತಿ ಕಡಿಮೆ ತಲೆನೋವಿನ ದಾರಿ. ಬೆಸುಗೆ ಬಾರದವರಿಗೆ, ನಾಳೆಯೇ ಕಾರ್ಯಕ್ರಮ ಇರುವ ಬಾಡಿಗೆ ವ್ಯವಹಾರದವರಿಗೆ, ಮುಂದೆ ಮಾರುವವರಿಗೆ ಇದೇ ಸರಿ. ಬೆಲೆ ಮಾತ್ರ ಬಿಡಿ ಭಾಗಗಳ ಹಲವು ಪಟ್ಟು. ಆರ್ಡರ್ ಮಾಡುವ ಮೊದಲು ಮಾದರಿಯ ಹೆಸರಿನ ಜೊತೆ ಬೋರ್ಡ್ ಮೇಲೆ ಅಚ್ಚಾಗಿರುವ ಭಾಗ ಸಂಖ್ಯೆಯನ್ನೂ ಕೊಡಿ. ಒಂದೇ ಹೆಸರಿನ ಸ್ಪೀಕರ್‌ನಲ್ಲಿ ತಯಾರಕರು ನಡುವೆ ಡ್ರೈವರ್ ಬದಲಿಸಿ, ಬೋರ್ಡನ್ನೂ ಬದಲಿಸಿರುವುದು ಉಂಟು. ಹಿಂದಿನ ಮಾಲೀಕರು ಡಯಾಫ್ರಮ್ ಬದಲು ಬೇರೆಯದೇ ಡ್ರೈವರ್ ಕೂರಿಸಿದ್ದರೆ ಮೂಲ ಬೋರ್ಡ್‌ನ ಲಾಭ ಅಲ್ಲಿಗೇ ನಿಂತಿತು.

ರೆಡಿಮೇಡ್ ಕ್ರಾಸ್‌ಓವರ್

"8 ಓಮ್, 500 ವ್ಯಾಟ್, 3 ಕಿಲೋಹರ್ಟ್ಜ್" ಎಂದು ಬರೆದ ಬೋರ್ಡ್‌ಗಳು ಕೈಗೆ ಸುಲಭವಾಗಿ ಸಿಗುತ್ತವೆ. ಅರ್ಧ ಗಂಟೆಯ ಕೆಲಸ. ಹಾಗಾಗಿಯೇ ಇದರ ಸೆಳೆತ ದೊಡ್ಡದು, ಇದರಿಂದಾಗುವ ಹಾನಿಯೂ.

ಕ್ರಾಸ್‌ಓವರ್ ಅಂದರೆ ಆ ಪೆಟ್ಟಿಗೆ, ಆ ಡ್ರೈವರ್‌ಗಳ ಅಳತೆಗೆ ಹೊಲಿದ ಅಂಗಿ. 15 ಇಂಚಿನ ವೂಫರ್, ಹಾರ್ನ್ ಇರುವ ಪೆಟ್ಟಿಗೆಗಳನ್ನು ಸಾಮಾನ್ಯವಾಗಿ 1.5–2 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಕತ್ತರಿಸಿರುತ್ತಾರೆ (ಅದರ ಕೆಳಗಿನದು ವೂಫರ್‌ಗೆ, ಮೇಲಿನದು ಹಾರ್ನ್‌ಗೆ). 3 ಕಿಲೋಹರ್ಟ್ಜ್ ಬೋರ್ಡ್ ಹಾಕಿದರೆ ಆ ವೂಫರ್ ತನಗೆ ಒಗ್ಗದ ಎತ್ತರದವರೆಗೂ ಹಾಡಬೇಕಾಗುತ್ತದೆ. ಎದುರು ಕೂತವರಿಗೆ ಮಾತು ಕೇಳುತ್ತದೆ, ಪಕ್ಕದವರಿಗೆ ಮಂಕು. ಡ್ರೈವರ್ ಓಮ್ ಬೇರೆಯಿದ್ದರೆ ಇನ್ನೂ ಕಷ್ಟ: ಒಂದೇ ಕೆಪಾಸಿಟರ್ ಇರುವ ಸರಳ ಫಿಲ್ಟರ್‌ಗೆ 8 ಓಮ್ ಬದಲು 16 ಓಮ್ ಡ್ರೈವರ್ ಹಚ್ಚಿದರೆ ಕತ್ತರಿಸುವ ಆವರ್ತನ ಅರ್ಧಕ್ಕೆ ಇಳಿಯುತ್ತದೆ. 2000 ಹರ್ಟ್ಜ್ ಎಂದುಕೊಂಡದ್ದು 1000 ಆಗುತ್ತದೆ. ಡಯಾಫ್ರಮ್ ಒಡೆಯುವ ನೇರ ದಾರಿ ಇದು.

ಮಟ್ಟದ ಪ್ರಶ್ನೆಯೂ ಇದೆ. ಹಾರ್ನ್ ಮೇಲಿನ ಕಂಪ್ರೆಷನ್ ಡ್ರೈವರ್ ವೂಫರ್‌ಗಿಂತ ಬಹಳ ಚುರುಕು, ಅದನ್ನು 6ರಿಂದ 10 ಡೆಸಿಬಲ್ ತಗ್ಗಿಸಬೇಕಾಗುತ್ತದೆ. ರೆಡಿಮೇಡ್ ಬೋರ್ಡ್‌ನಲ್ಲಿ ಅದಿಲ್ಲದಿದ್ದರೆ ನೀವೇ ಎಲ್-ಪ್ಯಾಡ್ (ಮಟ್ಟ ತಗ್ಗಿಸುವ ಎರಡು ರೆಸಿಸ್ಟರ್) ಹಾಕಬೇಕು: 8 ಓಮ್ ಡ್ರೈವರ್‌ಗೆ 6 ಡೆಸಿಬಲ್ ಇಳಿಸಲು ಸರಣಿಯಲ್ಲಿ 4 ಓಮ್, ಡ್ರೈವರ್‌ಗೆ ಸಮಾಂತರವಾಗಿ 8 ಓಮ್, 10 ಡೆಸಿಬಲ್‌ಗೆ ಸರಣಿಯಲ್ಲಿ 5.5, ಸಮಾಂತರವಾಗಿ 3.7. ಕಾನ್‌ಸ್ಟಂಟ್ ಡೈರೆಕ್ಟಿವಿಟಿ (ಸದ್ದನ್ನು ಎಲ್ಲ ಆವರ್ತನಗಳಲ್ಲೂ ಒಂದೇ ಅಗಲಕ್ಕೆ ಹರಡುವ) ಹಾರ್ನ್‌ಗಳಿಗೆ ಮೇಲಿನ ಆವರ್ತನಗಳನ್ನು ಎತ್ತಿಕೊಡುವ ಭಾಗವೂ ಮೂಲ ಬೋರ್ಡ್‌ನಲ್ಲಿ ಇರುತ್ತದೆ. ರೆಡಿಮೇಡ್‌ನಲ್ಲಿ ಅದನ್ನು ನಿರೀಕ್ಷಿಸಬೇಡಿ.

ಹಾಗಾದರೆ ಇದು ಯಾರಿಗೆ? ಮೂಲ ಬೋರ್ಡ್ ಕಳೆದೇಹೋಗಿದ್ದು, ಡ್ರೈವರ್‌ಗಳೂ ಮೂಲದವಲ್ಲದೆ, ಪೆಟ್ಟಿಗೆ ಬರೀ ಮಾತಿಗೆ, ಮಿತವಾದ ಮಟ್ಟದಲ್ಲಿ ಬಳಸುವವರಿಗೆ. ಆಗಲೂ ಕಂಪ್ರೆಷನ್ ಡ್ರೈವರ್‌ನ ಶಿಫಾರಸಾದ ಕನಿಷ್ಠ ಆವರ್ತನಕ್ಕಿಂತ ಮೇಲೆ ಕತ್ತರಿಸುವ, ಪ್ರತಿ ಆಕ್ಟೇವ್‌ಗೆ 12 ಡೆಸಿಬಲ್ ಇಳಿಜಾರಿನ, ಓಮ್ ಹೊಂದುವ ಬೋರ್ಡನ್ನೇ ಆರಿಸಿ, ಎರಡೂ ಪೆಟ್ಟಿಗೆಗಳಿಗೆ ಹಾಕಿ.

ನಕಲು ಕಟ್ಟುವುದು

ಒಂದು ಬೋರ್ಡ್ ಪೂರ್ತಿ ಸುಟ್ಟು, ಇನ್ನೊಂದು ಚೆನ್ನಾಗಿದ್ದರೆ ಇದು ಬಹಳ ಒಳ್ಳೆಯ ದಾರಿ. ಒಳ್ಳೆಯದರ ಪ್ರತಿ ಭಾಗವನ್ನೂ ಅಳೆದು, ಪ್ಲೈವುಡ್ ತುಂಡಿನ ಮೇಲೆ ಅದೇ ಸರ್ಕ್ಯೂಟ್ ಕಟ್ಟಿ. ಕಾಯಿಲ್‌ಗಳನ್ನು ದೂರ ದೂರ, ಅಕ್ಷಗಳು ಒಂದಕ್ಕೊಂದು ಲಂಬವಾಗಿ ಇರಿಸಿ. ಅಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿಸಿದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಹಾರುತ್ತದೆ. ಏರ್-ಕೋರ್ ಕಾಯಿಲ್ ನಡುವೆ ಕಬ್ಬಿಣದ ಸ್ಕ್ರೂ ಹಾಕಿದರೆ ಅದರ ಮೌಲ್ಯವೇ ಬದಲಾಗುತ್ತದೆ, ಹಿತ್ತಾಳೆ ಬಳಸಿ.

ಸರ್ಕ್ಯೂಟ್ ಸಿಗದೆ ಬರೀ ಪುಸ್ತಕದ ಸೂತ್ರದಿಂದ ಕಟ್ಟುತ್ತೇನೆ ಎನ್ನುವವರಿಗೆ ಒಂದು ಅಂದಾಜು: 8 ಓಮ್, 2000 ಹರ್ಟ್ಜ್, ಎರಡನೇ ದರ್ಜೆಯ ಲಿಂಕ್‌ವಿಟ್ಜ್-ರೈಲಿ ಎಂಬ ಫಿಲ್ಟರ್‌ಗೆ ಸುಮಾರು 5 ಮೈಕ್ರೋಫ್ಯಾರಡ್ ಮತ್ತು 1.27 ಮಿಲಿಹೆನ್ರಿ. ಆದರೆ ಸೂತ್ರ ಡ್ರೈವರನ್ನು ಶುದ್ಧ 8 ಓಮ್ ರೆಸಿಸ್ಟರ್ ಎಂದು ಭಾವಿಸುತ್ತದೆ. ನಿಜವಾದ ವೂಫರ್‌ನ ಇಂಪಿಡೆನ್ಸ್ 2000 ಹರ್ಟ್ಜ್‌ನಲ್ಲಿ 8ಕ್ಕಿಂತ ಬಹಳ ಮೇಲಿರುತ್ತದೆ. ಅಳೆಯುವ ಮೈಕ್ ಇಲ್ಲದೆ ಸೂತ್ರದ ಮೇಲೆ ಮಾತ್ರ ನಿಂತರೆ ಫಲ ರೆಡಿಮೇಡ್ ಬೋರ್ಡ್‌ಗಿಂತ ಹೆಚ್ಚೇನೂ ಚೆನ್ನಾಗಿರುವುದಿಲ್ಲ.

ಬೈ-ಆಂಪ್

ಕ್ರಾಸ್‌ಓವರ್ ಕೆಟ್ಟಿದ್ದೇ ನೆಪವಾಗಿ ಪೆಟ್ಟಿಗೆಯನ್ನು ಮೊದಲಿಗಿಂತ ಉತ್ತಮಗೊಳಿಸಬಹುದಾದ ಒಂದೇ ದಾರಿ ಇದು. ಡಿಎಸ್‌ಪಿಯಲ್ಲಿ (ಸಿಗ್ನಲನ್ನು ಡಿಜಿಟಲ್ ಆಗಿ ಹಂಚಿ ತಿದ್ದುವ ಸಾಧನ) 24 ಡೆಸಿಬಲ್ ಇಳಿಜಾರು, ಹಾರ್ನ್ ಮತ್ತು ವೂಫರ್ ನಡುವಿನ ಡಿಲೇ, ಈಕ್ವಲೈಸರ್, ಮಟ್ಟ ಮಿತಿ ಮೀರದಂತೆ ತಡೆಯುವ ಲಿಮಿಟರ್ ಎಲ್ಲವೂ ಸಿಗುತ್ತವೆ. ಇಂಡಕ್ಟರ್‌ನಲ್ಲಿ ಶಾಖವಾಗಿ ಹೋಗುತ್ತಿದ್ದ ಶಕ್ತಿ ವೂಫರ್‌ಗೇ ತಲುಪುತ್ತದೆ. ಬೆಲೆಯಾಗಿ ತೆರಬೇಕಾದ್ದು: ಎರಡು ಪೆಟ್ಟಿಗೆಗೆ ನಾಲ್ಕು ಆಂಪ್ ಚಾನೆಲ್, ಒಂದು ಡಿಎಸ್‌ಪಿ, ನಾಲ್ಕು ಎಳೆಯ ಕೇಬಲ್, ಮತ್ತು ಹಚ್ಚುವವರ ಎಚ್ಚರ. ಆ ಕೊನೆಯದೇ ದುಬಾರಿ. ವೂಫರ್ ಚಾನೆಲನ್ನು ತಪ್ಪಿ ಹಾರ್ನ್‌ಗೆ ಹಚ್ಚಿದರೆ ಡಯಾಫ್ರಮ್ ಅಲ್ಲೇ ಮುಗಿಯಿತು.

ಆದ್ದರಿಂದ ಕಂಪ್ರೆಷನ್ ಡ್ರೈವರ್ ಸರಣಿಯಲ್ಲಿ ಕಾವಲು ಕೆಪಾಸಿಟರ್ ಒಂದನ್ನು ಪೆಟ್ಟಿಗೆಯೊಳಗೇ ಇಡಿ: 8 ಓಮ್‌ಗೆ 40 ಮೈಕ್ರೋಫ್ಯಾರಡ್, 16 ಓಮ್‌ಗೆ 20. ಎರಡೂ ಸುಮಾರು 500 ಹರ್ಟ್ಜ್ ಕೆಳಗಿನದನ್ನು ತಡೆಯುತ್ತವೆ. ಆಂಪ್ ಆನ್ ಮಾಡುವಾಗಿನ ಗುದ್ದು, ಕೆಟ್ಟ ಆಂಪ್‌ನಿಂದ ಬರುವ ಡಿಸಿ, ಇವುಗಳಿಂದಲೂ ಅದು ಕಾಯುತ್ತದೆ. ಕತ್ತರಿಸುವ ಆವರ್ತನ ತಯಾರಕರು ಕೊಟ್ಟದ್ದೇ ಇರಲಿ, ಹಾರ್ನ್ ಮಟ್ಟವನ್ನು 6–10 ಡೆಸಿಬಲ್ ಕೆಳಗಿಂದ ಶುರುಮಾಡಿ. ಡ್ರೈವರ್ 50 ವ್ಯಾಟ್, 8 ಓಮ್ ಎಂದಾದರೆ ಲಿಮಿಟರ್ 20 ವೋಲ್ಟ್ ದಾಟದಂತೆ ನಿಲ್ಲಿಸಬೇಕು.

ಸ್ಥಿರವಾಗಿ ಅಳವಡಿಸಿದ ಸಭಾಂಗಣಕ್ಕೆ, ಒಬ್ಬರೇ ಜವಾಬ್ದಾರಿಯಿಂದ ನಡೆಸುವ ಸೆಟ್‌ಗೆ ಇದು ಒಳ್ಳೆಯದು. ಹತ್ತಾರು ಕೈ ಬದಲಾಗುವ ಬಾಡಿಗೆ ಪೆಟ್ಟಿಗೆಗೆ ಬೇಡ.

ಜಾಕ್: ಸ್ವಚ್ಛ ಮಾಡುವುದೋ, ಬದಲಿಸುವುದೋ

ಹಳೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಕಾಲಿಂಚಿನ ಅಂದರೆ 6.35 ಮಿಲಿಮೀಟರ್ ಜಾಕ್. ಪ್ಲಗ್‌ನ ತುದಿಯನ್ನು ಒಂದು ತೆಳು ಸ್ಪ್ರಿಂಗ್ ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. 4 ಓಮ್‌ಗೆ 500 ವ್ಯಾಟ್ ಎಂದರೆ 11 ಆಂಪಿಯರ್. ಆ ಬಿಂದುವಿನಲ್ಲಿ ಕಪ್ಪು ಕಟ್ಟಿ 0.2 ಓಮ್ ಆದರೂ ಸುಮಾರು 25 ವ್ಯಾಟ್ ಶಾಖ ಅಲ್ಲಿಯೇ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗುವುದು, ಸ್ಪ್ರಿಂಗ್ ಮೆತ್ತಗಾಗುವುದು ಇದರಿಂದ.

ಮೀಟರ್‌ನ ಓಮ್ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ, ಅದರ ಕರೆಂಟ್ ಅತ್ಯಲ್ಪ. ಸರಿಯಾದ ಪರೀಕ್ಷೆ ಇದು: 100 ಹರ್ಟ್ಜ್ ಸ್ವರವನ್ನು ಜಾಕ್‌ನಲ್ಲಿ 8 ವೋಲ್ಟ್ ಎಸಿ ಬರುವಷ್ಟು ಹಾಕಿ. ಸುಮಾರು 1 ಆಂಪಿಯರ್ ಹರಿಯುತ್ತದೆ. ಈಗ ಪ್ಲಗ್‌ನ ತುದಿಯ ತಂತಿಗೂ ಜಾಕ್ ಒಳಗಿನ ಟ್ಯಾಬ್‌ಗೂ ನಡುವೆ ಎಸಿ ವೋಲ್ಟ್ ಅಳೆಯಿರಿ. 0.05 ವೋಲ್ಟ್ ಒಳಗಿದ್ದು, ಅಲುಗಿಸಿದರೂ ಹಾರದಿದ್ದರೆ ಜಾಕ್ ಚೆನ್ನಾಗಿದೆ.

ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪ್ಲಗ್ ಹತ್ತಿಪ್ಪತ್ತು ಸಲ ಹಾಕಿ ತೆಗೆಯುವುದು ಬರೀ ಕಪ್ಪು ಕಟ್ಟಿದ ಜಾಕ್‌ಗೆ ಸಾಕು. ಮರಳು ಕಾಗದ ಬೇಡ. ನಿಕಲ್ ಲೇಪ ಹೋದರೆ ಕೆಳಗಿನ ಲೋಹ ಇನ್ನೂ ಬೇಗ ಕಪ್ಪಾಗುತ್ತದೆ. ಸ್ಪ್ರಿಂಗ್ ಸಡಿಲವಾಗಿದ್ದರೆ, ಪ್ಲಾಸ್ಟಿಕ್ ಬಣ್ಣ ಬದಲಾಗಿದ್ದರೆ ಸ್ವಚ್ಛತೆ ಕೆಲವು ವಾರಗಳ ಸಮಾಧಾನವಷ್ಟೇ. ಅಷ್ಟು ಕರೆಂಟ್ ಹೊರುವ ಭಾಗಕ್ಕೆ ನನ್ನ ಸಲಹೆ ಯಾವಾಗಲೂ ಬದಲಾವಣೆಯೇ.

ಅದೇ ಬಗೆಯ ಜಾಕ್ ಹಾಕಬೇಕೋ, ಸ್ಪೀಕರ್ ಕೇಬಲ್‌ಗೆಂದೇ ಮಾಡಿದ ಸ್ಪೀಕಾನ್ ಕನೆಕ್ಟರ್‌ಗೆ ಬದಲಾಗಬೇಕೋ? ಕೇಬಲ್‌ಗಳೆಲ್ಲ ಕಾಲಿಂಚಿನವೇ ಆಗಿದ್ದು, ಆಂಪ್ 200 ವ್ಯಾಟ್ ಒಳಗಿದ್ದರೆ ಗಟ್ಟಿ ಸ್ಪ್ರಿಂಗ್‌ನ ಒಳ್ಳೆಯ ಜಾಕ್ ಸಾಕು. ಅದಕ್ಕಿಂತ ಮೇಲಾದರೆ, ಅಥವಾ ಪೆಟ್ಟಿಗೆ ತಿರುಗಾಟದ್ದಾದರೆ ಸ್ಪೀಕಾನ್ ಹಾಕಿ. ಅದರ ಸಂಪರ್ಕ ಅಗಲ, ತಿರುಗಿಸಿ ಬೀಗ ಹಾಕುವುದರಿಂದ ಯಾರಾದರೂ ಎಡವಿದರೂ ಕಳಚುವುದಿಲ್ಲ. ಇನ್ನೂ ಮುಖ್ಯವಾಗಿ, ಶಾರ್ಟ್ ಆಗುವುದಿಲ್ಲ. ಕಾಲಿಂಚಿನ ಪ್ಲಗ್ ಅರ್ಧ ಒಳಗೆ ಹೋದಾಗ ತುದಿ ಮತ್ತು ಕಾಂಡ ಎರಡೂ ಜಾಕ್‌ನ ಲೋಹದ ಕೊರಳನ್ನು ಒಮ್ಮೆಗೇ ಮುಟ್ಟಿ ಆಂಪನ್ನು ಶಾರ್ಟ್ ಮಾಡಬಹುದು. ಎರಡೂ ಬಗೆಯ ಕೇಬಲ್ ಇರುವವರಿಗೆ ಎರಡನ್ನೂ ಒಪ್ಪುವ ಕಾಂಬೊ ಸಾಕೆಟ್ ಇದೆ. ಹಳೆಯ ಪೆಟ್ಟಿಗೆಯಲ್ಲಿ ಸ್ಪೀಕರ್ ಇನ್‌ಪುಟ್‌ಗೆ ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ಗಳ ಮೂರು ಪಿನ್ ಕನೆಕ್ಟರ್) ಇದ್ದರೆ ತಡಮಾಡದೆ ತೆಗೆಯಿರಿ. ಆಂಪ್‌ನಿಂದ ಬರುವ ಕೇಬಲ್ಲನ್ನು ಯಾರಾದರೂ ಮೈಕ್ ಕೇಬಲ್ ಎಂದುಕೊಂಡು ಮಿಕ್ಸರ್‌ಗೆ ಚುಚ್ಚುವ ದಿನ ಬಂದೇ ಬರುತ್ತದೆ.

ಸ್ಪೀಕಾನ್‌ನಲ್ಲಿ ನಾಲ್ಕು ಧ್ರುವದ ಎನ್‌ಎಲ್4 ಸಾಕೆಟನ್ನೇ ಕೊಳ್ಳಿ, ಎರಡು ಧ್ರುವದ ಕೇಬಲ್ ಪ್ಲಗ್ ಅದಕ್ಕೂ ಹೊಂದುತ್ತದೆ. ಫುಲ್‌ರೇಂಜ್‌ಗೆ 1+ ಮತ್ತು 1−. ಮುಂದೆ ಬೈ-ಆಂಪ್ ಮಾಡಿದರೆ ವೂಫರ್ ಅಲ್ಲಿಯೇ ಉಳಿದು ಹಾರ್ನ್ 2+, 2−ಕ್ಕೆ ಹೋಗುತ್ತದೆ. ಟ್ಯಾಬ್‌ಗಳು 4.8 ಮಿಲಿಮೀಟರ್ ಅಗಲದವು, ಕ್ರಿಂಪ್ ಅದೇ ಅಳತೆಯದಿರಲಿ, ಒಳತಂತಿ 1.5ರಿಂದ 2.5 ಚದರ ಮಿಲಿಮೀಟರ್.

ಡಿ-ಮಾದರಿಯ ಸಾಕೆಟ್‌ಗೆ 24 ಮಿಲಿಮೀಟರ್ ರಂಧ್ರ ಬೇಕು. ಲೋಹದ ತಟ್ಟೆಯನ್ನು ಪೆಟ್ಟಿಗೆಯಿಂದ ಕಳಚಿ ಹೊರಗೆ ತಂದೇ ಕೊರೆಯಿರಿ. ಪೆಟ್ಟಿಗೆಯಲ್ಲಿಟ್ಟು ಕೊರೆದರೆ ಕಬ್ಬಿಣದ ಪುಡಿ ವೂಫರ್ ಅಯಸ್ಕಾಂತಕ್ಕೆ ಅಂಟಿ, ಕಾಯಿಲ್ ಸುತ್ತಲಿನ ಸಂದಿಗೆ ಸೇರುತ್ತದೆ. ಆಮೇಲೆ ಅದನ್ನು ತೆಗೆಯುವುದು ಆಗದ ಮಾತು. ಸಣ್ಣ ತಟ್ಟೆಯಲ್ಲಿ ಜಾಗವಿಲ್ಲದಿದ್ದರೆ ಸಾಕೆಟ್ ಕೂತೇ ಬರುವ ತಟ್ಟೆಯನ್ನೇ ಕೊಳ್ಳುವುದು ವಾಸಿ. ಕೂರಿಸುವಾಗ ಸುತ್ತ 3 ಮಿಲಿಮೀಟರ್ ಫೋಮ್ ಗ್ಯಾಸ್ಕೆಟ್ ಇಡಿ. ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಜಾಕ್ ಸುತ್ತ ಗಾಳಿ ಸೋರಿದರೆ ಬಾಸ್ ಜೊತೆ ಬುಸ್ ಬುಸ್ ಸದ್ದು ಸೇರುತ್ತದೆ.

ಎರಡನ್ನೂ ಒಟ್ಟಿಗೆ ನೋಡುವಾಗ

ಕೈಯಲ್ಲಿ ಹಣ ಕಡಿಮೆ, ಐರನ್ ಹಿಡಿಯಲು ಬರುತ್ತದೆ ಎಂದಾದರೆ ಬಿಡಿ ಭಾಗ ಬದಲಿಸಿ, ಉಳಿದ ಹಣವನ್ನು ಸ್ಪೀಕಾನ್‌ಗೆ ಹಾಕಿ. ಐರನ್ ಹಿಡಿಯಲು ಬಾರದವರು ಮೂಲ ಬೋರ್ಡ್ ಹುಡುಕಿ. ಸಿಗದಿದ್ದರೆ ಹಳೆಯ ಬೋರ್ಡನ್ನು ಬಲ್ಲವರಿಗೆ ಕೊಟ್ಟು ರಿಪೇರಿ ಮಾಡಿಸುವುದು ರೆಡಿಮೇಡ್‌ಗಿಂತ ಎಷ್ಟೋ ಮೇಲು. ಡಿಎಸ್‌ಪಿ, ಹೆಚ್ಚುವರಿ ಚಾನೆಲ್ ಈಗಾಗಲೇ ಇದ್ದರೆ ಬೈ-ಆಂಪ್ ಹೆಚ್ಚು ಖರ್ಚಿಲ್ಲದೆ ಆಗುತ್ತದೆ. ಕಂಪ್ರೆಷನ್ ಡ್ರೈವರ್, ವೂಫರ್ ಎರಡೂ ಸತ್ತು, ಕ್ರಾಸ್‌ಓವರೂ ಸುಟ್ಟು, ಪೆಟ್ಟಿಗೆಯ ಹಲಗೆ ನೀರು ಕುಡಿದು ಉಬ್ಬಿದ್ದರೆ ಮಾತ್ರ ರಿಪೇರಿಯ ಯೋಚನೆ ಬಿಡಿ.

ದಾರಿ ಯಾವುದೇ ಇರಲಿ, ಕೊನೆಯ ಪರೀಕ್ಷೆ ಒಂದೇ. ಜಾಕ್‌ನಲ್ಲಿ ಓಮ್ ಅಳೆದು, ಕಡಿಮೆ ಮಟ್ಟದಲ್ಲಿ ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಇರುವ ಪರೀಕ್ಷಾ ಸದ್ದು) ಹಾಕಿ, 1 ಮೀಟರ್ ದೂರದಲ್ಲಿ ಅದೇ ಜಾಗದಲ್ಲಿ ಮೈಕ್ ಇಟ್ಟು ಎರಡೂ ಪೆಟ್ಟಿಗೆಗಳನ್ನು ಒಂದೊಂದಾಗಿ ಅಳೆಯಿರಿ. ಫೋನಿನ ಆರ್‌ಟಿಎ (ಆವರ್ತನವಾರು ಮಟ್ಟ ತೋರಿಸುವ) ಆಪ್ ಸಾಕು. ಬೇಕಿರುವುದು ಹೋಲಿಕೆ, ನಿಖರ ಸಂಖ್ಯೆಯಲ್ಲ. ವ್ಯತ್ಯಾಸ 1.5 ಡೆಸಿಬಲ್ ಒಳಗಿರಲಿ. ಕ್ರಾಸ್‌ಓವರ್ ಆವರ್ತನದ ಸುತ್ತ ಒಂದರಲ್ಲಿ ಮಾತ್ರ ಆಳವಾದ ಹಳ್ಳ ಕಂಡರೆ ಹಾರ್ನ್ ತಂತಿ ತಿರುಗಿದೆ. ಹಾರ್ನ್ ಇಡೀ ಪಟ್ಟಿಯಲ್ಲಿ ಒಂದೇ ಸಮ ಮೇಲೆ ಕೆಳಗಿದ್ದರೆ ರೆಸಿಸ್ಟರ್ ಅಥವಾ ಬಲ್ಬ್ ಮೌಲ್ಯ ತಪ್ಪಿದೆ. ಎರಡೂ ಸರಿಬಂದ ಮೇಲೆ ಅರ್ಧ ಗಂಟೆ ಮಧ್ಯಮ ಮಟ್ಟದಲ್ಲಿ ಓಡಿಸಿ, ಆಂಪ್ ನಿಲ್ಲಿಸಿ, ಹಿಂದಿನ ತಟ್ಟೆ ಕಳಚಿ ಹೊಸ ಬೆಸುಗೆ, ಕ್ರಿಂಪ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ರೆಸಿಸ್ಟರ್ ಬಿಸಿಯಾಗಿರುವುದು ಸಹಜ. ಜಾಕ್ ಟ್ಯಾಬ್ ಬಿಸಿಯಾಗಿದ್ದರೆ ಕ್ರಿಂಪ್ ಕತ್ತರಿಸಿ ಮತ್ತೆ ಹಾಕಿ.